ಶಾಲೆ ಮಕ್ಕಳದು, ವೋಟು ನಮ್ಮದು

ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವವರಿಗೆಲ್ಲ ಎಸ್‌ಡಿಎಂಸಿ ಗೊತ್ತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ಉದ್ದ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ರಾಜ್ಯದಲ್ಲಿ ಇದು ಶುರುವಾದದ್ದು 2001ರಲ್ಲಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ನವಲಗುಂದ ತಾಲ್ಲೂಕಿನ ನಮ್ಮೂರಲ್ಲಿ ಈ ಸಲ ಆಯ್ಕೆ ನಡೆದದ್ದು ಹೆಸರು ಬಿಡಿಸುವ ಹಂಗಾಮಿನಲ್ಲಿ. ಎಲ್ಲರಿಗೂ ಹೊಲದ ಅವಸರ. ಯಾವ ಮನೆತನ, ಯಾರ ಕಡೆಯವರು ಎಂಬ ಮಾತೇ ಹೆಚ್ಚಾಯಿತು. ಕೈ ಎತ್ತಿ ಆರಿಸಿ ಎದ್ದು ಬಂದೆವು.

ಸಂಜೆ ಏಳನೇ ತರಗತಿಯ ಮಗಳು ಕೇಳಿದಳು: “ಅವ್ವಾ, ಹುಡಿಗ್ಯಾರ ಪಾಯಖಾನಿ ಬಾಗಿಲಿಗೆ ಚಿಲಕ ಇಲ್ಲ ಅಂತ ಯಾರರ ಹೇಳಿದ್ರೇನು?”

ಯಾರೂ ಹೇಳಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳಂತೆ. ಬೆಳಗಿನಿಂದ ನೀರೇ ಕುಡಿಯದ ಹುಡುಗಿಯರೂ ಇದ್ದಾರಂತೆ. ಆಮೇಲೆ ನಾವು ನಾಲ್ಕು ಮಂದಿ ತಾಯಂದಿರು ದುಡ್ಡು ಕೂಡಿಸಿ ಚಿಲಕ ಹಾಕಿಸಿದೆವು.

ನಮ್ಮ ದೇಶದಲ್ಲಿ ವೋಟಿನ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಊರ ಶಾಲೆಯ ಮಟ್ಟಿಗೆ ಆ 18 ಉಪಯೋಗಕ್ಕೆ ಬಾರದು. ಏಳನೇ ತರಗತಿ ಮುಗಿಸುವ ಮಗುವಿಗೆ 13ರ ಆಸುಪಾಸು. ಕೊನೆಯ ಮಗು ಶಾಲೆ ಬಿಟ್ಟರೆ ತಂದೆ-ತಾಯಿಗೂ ಅಲ್ಲಿ ವೋಟಿಲ್ಲ. ಅಂದರೆ ನಮ್ಮ ವೋಟು ಬಂದದ್ದೇ ಮಕ್ಕಳಿಂದ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್‌ಲ್ಯಾಂಡ್, ಬರ್ಕ್‌ಲಿ ಎಂಬ ಎರಡು ಊರುಗಳಿವೆ. 2024ರಲ್ಲಿ ಅಲ್ಲಿನ 16 ವರ್ಷದವರು ಮೊದಲ ಸಲ ಶಾಲಾ ಮಂಡಳಿ ಚುನಾವಣೆಯಲ್ಲಿ ವೋಟು ಹಾಕಿದರು. ನಮ್ಮಲ್ಲಿ ಮಕ್ಕಳ ಗ್ರಾಮಸಭೆ ಇದೆ. ಅಲ್ಲಿ ಮಕ್ಕಳು ತಮ್ಮ ಬೇಡಿಕೆ ಹೇಳಬಹುದು, ಯಾರನ್ನೂ ಆರಿಸುವಂತಿಲ್ಲ.

“ಸಣ್ಣ ಹುಡುಗರಿಗೆ ಏನ್ ತಿಳೀತೈತಿ?” ಎನ್ನುವವರಿದ್ದಾರೆ. ಮನೆಯವರು ಹೇಳಿದವರಿಗೇ ಮಕ್ಕಳೂ ವೋಟು ಹಾಕುತ್ತಾರೆ ಎಂಬ ಅಂಜಿಕೆಯೂ ಸುಳ್ಳಲ್ಲ. ಕೈ ಎತ್ತಿಸುವ ಬದಲು ಚೀಟಿ ಬರೆಸಿ ಡಬ್ಬಿಗೆ ಹಾಕಿಸಿದರೆ ಅದು ಕಡಿಮೆಯಾದೀತು. ಹಣದ ಲೆಕ್ಕ, ಸಹಿ ಎಲ್ಲ ದೊಡ್ಡವರ ಹತ್ತಿರವೇ ಇರಲಿ. ಆರು, ಏಳನೇ ತರಗತಿಯವರಿಗೆ ಆಯ್ಕೆಯ ದಿನ ಒಂದು ವೋಟು ಸಿಗಲಿ. ಆಗ ಸದಸ್ಯರಾಗಲು ನಿಂತವರು ಒಮ್ಮೆಯಾದರೂ ತರಗತಿಯೊಳಗೆ ಬಂದು, ನಿಮಗೇನು ಬೇಕು ಎಂದು ಮಕ್ಕಳನ್ನು ಕೇಳಬೇಕಾಗುತ್ತದೆ.