ಕಂಪ್ರೆಸರ್ ಬದಲಿಸುವ ಮೊದಲು ಒಂದು ಬಾಟ್ಲಿ ಸೋಪಿನ ನೀರು

ಐರಾವತ ಬಸ್ಸಿನಲ್ಲಿ ಹೊಂಡ ಗೊತ್ತೇ ಆಗುವುದಿಲ್ಲ ಎಂದು ಹೊಗಳುತ್ತೇವಲ್ಲ, ಅದಕ್ಕೊಂದು ಕಾರಣ ಏರ್ ಸಸ್ಪೆನ್ಷನ್. ಉಕ್ಕಿನ ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ಕೆಲವು ದುಬಾರಿ ಕಾರುಗಳಲ್ಲೂ ಇದೇ ವ್ಯವಸ್ಥೆ. ಹಳೆಯದಾದ ಮೇಲೆ ಅವು ಅಗ್ಗಕ್ಕೆ ಸಿಗುತ್ತವೆ. ನಮ್ಮ ಭಾವ ಕೊಂಡದ್ದೂ ಅಂಥದ್ದೇ.

ಎರಡನೇ ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ರಾತ್ರಿ ನೆಟ್ಟಗಿದ್ದ ಕಾರು ಬೆಳಗ್ಗೆ ಮುಂದಿನ ಎಡಮೂಲೆಯಲ್ಲಿ ಕುಸಿದಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ಗುರುಗುಟ್ಟುತ್ತಾ ನಿಧಾನಕ್ಕೆ ಎತ್ತುತ್ತಿತ್ತು. ವರ್ಕ್‌ಶಾಪಿನವರು ಕಂಪ್ರೆಸರ್ ಬದಲಿಸಬೇಕು ಎಂದರು. ಅವರು ಹೇಳಿದ ದುಡ್ಡಿಗೆ ಹಳೆಯ ಮಾರುತಿಯೊಂದು ಬರುತ್ತಿತ್ತು!

ನಮಗೆ ಲೆಕ್ಕ ಕೂಡಿಬರಲಿಲ್ಲ. ಕಂಪ್ರೆಸರ್ ಎತ್ತುತ್ತಿದೆ ಎಂದಾದರೆ ಸತ್ತಿಲ್ಲ. ಒಂದೇ ಮೂಲೆ ಕುಸಿಯುವುದಾದರೆ ಗಾಳಿ ಅಲ್ಲೇ ಎಲ್ಲೋ ಸೋರುತ್ತಿದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಹೆಚ್ಚು ಹೊತ್ತು ಓಡಿ, ಬಿಸಿಯಾಗಿ, ಕೊನೆಗೆ ಸುಡುತ್ತದೆ. ಸೋರಿಕೆ ಬಿಟ್ಟು ಹೊಸತು ಹಾಕಿದರೆ ಅದಕ್ಕೂ ಅದೇ ಗತಿ.

ಅಂಗಳದಲ್ಲಿ ಕಾರು ನಿಲ್ಲಿಸಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದೆವು, ರಾತ್ರಿಯೊಮ್ಮೆ, ಬೆಳಗ್ಗೆಯೊಮ್ಮೆ. ಮೂರು ಕಡೆ ವ್ಯತ್ಯಾಸವಿಲ್ಲ. ಕಾರನ್ನು ಪೂರ್ತಿ ಎತ್ತರಿಸಿ, ಕುಸಿದ ಕಡೆ ಸೋಪಿನ ನೀರು ಸಿಂಪಡಿಸಿದೆವು. ಪೈಪಿನ ಜಾಯಿಂಟಿನಲ್ಲಿ ಏನೂ ಇಲ್ಲ. ಚೀಲದ ರಬ್ಬರ್ ಮಡಚಿಕೊಳ್ಳುವಲ್ಲಿ ಸಣ್ಣ ಗುಳ್ಳೆಗಳ ಸಾಲು!

ಪಂಕ್ಚರ್ ಅಂಗಡಿಯ ಅಣ್ಣ ನೋಡಿ, “ಟ್ಯೂಬಾದ್ರೆ ಪ್ಯಾಚ್ ಹಾಕ್ತಿದ್ದೆ ಮಾರಾಯ, ಇದು ಮಡಚುವ ರಬ್ಬರ್, ನಿಲ್ಲುದಿಲ್ಲ” ಎಂದರು. ಬೆಂಗಳೂರಿನಿಂದ ಹೊಸ ಚೀಲ ತರಿಸಿದೆವು.

ಇಲ್ಲಿಂದ ಮುಂದಿನದು ಆಟವಲ್ಲ. ಗಾಳಿ ಇಳಿದರೆ ಇಡೀ ಕಾರು ಕೆಳಗೆ ಕೂರುತ್ತದೆ, ಅಡಿಯಲ್ಲಿ ಮನುಷ್ಯನಿಗೆ ಜಾಗ ಉಳಿಯುವುದಿಲ್ಲ. ಜೊತೆಗೆ, ಜಾಕ್ ಕೊಟ್ಟಾಗಲೂ ಕಾರು ತನ್ನಷ್ಟಕ್ಕೇ ಎತ್ತರ ಸರಿಮಾಡಲು ಹೊರಡಬಹುದು. ಹಾಗಾಗಿ ಮೊದಲು ಕಾರಿನ ಜಾಕ್ ಮೋಡ್ ಹಾಕಿದೆವು. ಜಾಕ್ ಒಂದನ್ನೇ ನಂಬದೆ, ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಕಳಚಿದ ಚಕ್ರವನ್ನೂ ಅಡಿಗೆ ತಳ್ಳಿದೆವು. ಗಾಳಿಪೈಪಿನ ನಟ್ಟನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿ, ‘ಉಸ್’ ಎನ್ನುವುದು ಪೂರ್ತಿ ನಿಂತ ಮೇಲೆಯೇ ಬಿಚ್ಚಿದೆವು. ಟಯರಿಗಿಂತ ಹಲವು ಪಟ್ಟು ಒತ್ತಡ ಅಲ್ಲಿರುತ್ತದೆ. ಹೊಸ ಚೀಲಕ್ಕೆ ಗಾಳಿ ತುಂಬುವ ತನಕ ಕಾರಿನ ಭಾರ ಬೀಳಬಾರದು, ಬಿದ್ದರೆ ರಬ್ಬರ್ ತಪ್ಪಾಗಿ ಮಡಚಿ ಹರಿಯುತ್ತದೆ. ಕಂಪ್ರೆಸರಿನ ರಿಲೇಯನ್ನೂ ಬದಲಿಸಿದೆವು. ಅದು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ.

ಕಂಪ್ರೆಸರ್ ಮಾತ್ರ ಹಳೆಯದೇ ಇದೆ, ಈಗ ಎಷ್ಟು ಬೇಕೋ ಅಷ್ಟೇ ಓಡುತ್ತಿದೆ.

ಸೋರಿಕೆ ಹುಡುಕುವ ಕೆಲಸ ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಚೀಲ ಬಿಚ್ಚುವ ಕೆಲಸ ಹಾಗಲ್ಲ. ಗಟ್ಟಿ ನೆಲ, ಗಟ್ಟಿ ಸ್ಟ್ಯಾಂಡ್ ಎರಡರಲ್ಲಿ ಒಂದು ಇಲ್ಲದಿದ್ದರೂ ಗುಳ್ಳೆ ಬಂದ ಜಾಗವನ್ನು ಮೆಕ್ಯಾನಿಕ್‌ಗೆ ತೋರಿಸಿ ಸುಮ್ಮನಿರುವುದೇ ಒಳ್ಳೆಯದು. ಅಷ್ಟು ಗೊತ್ತಿದ್ದು ಹೋದರೂ ಬಿಲ್ ಅರ್ಧ ಇಳಿದ ಹಾಗೆ.