ಹೊಸ ತೋಟಾ, ಹಳೇ ಚಿಂತೆ

ಪಾಯಿಂಟ್ ಟೂಟೂ ತೋಟಾಕ್ಕೆ ಮುಪ್ಪೆಂಬುದೇ ಇಲ್ಲ. ಅಮೆರಿಕದ ಸ್ಟೀವನ್ಸ್ ಕಂಪನಿ .22 ಲಾಂಗ್ ರೈಫಲ್ ತೋಟಾವನ್ನು ಹೊರತಂದದ್ದು 1887ರಲ್ಲಿ. ಅದನ್ನು ಮೂಲೆಗೆ ಕೂರಿಸುತ್ತೇವೆಂದು ಹೊರಟವರು ಅಂದಿನಿಂದ ಹುಟ್ಟುತ್ತಲೇ ಇದ್ದಾರೆ. ಅಲ್ಲಿ ಅಳಿಲು ಹೊಡೆಯುವವನಿಗೂ ಅದೇ, ಖಾಲಿ ಡಬ್ಬಕ್ಕೆ ಗುರಿಯಿಡುವ ಹುಡುಗನಿಗೂ ಅದೇ, ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಗೂ ಅದೇ. ನಮ್ಮ ಕೊಡಗಿನವರು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಟ್ಟರೆ ಅಲ್ಲೂ ಟೂಟೂ ಹಾಜರ್.

ಇದರ ಜಾತಿ ರಿಮ್‌ಫೈರ್. ಕಿಡಿ ಹುಟ್ಟಿಸುವ ಮದ್ದು ತಳದ ನಡುವೆ ಇರುವುದಿಲ್ಲ, ಅಂಚಿನ ಮಡಿಕೆಯೊಳಗೆ ಇರುತ್ತದೆ. ಹೊಡೆದು ಬಿಸಾಕಿದ ಹಿತ್ತಾಳೆ ಕೊಳವೆಯನ್ನು ಎತ್ತಿ ನೋಡಿ, ಅಂಚಿನಲ್ಲೊಂದು ಪುಟ್ಟ ತಗ್ಗು ಕಾಣುತ್ತದೆ. ಆ ತಗ್ಗು ಬಿತ್ತೆಂದರೆ ಅದರ ಋಣ ತೀರಿತು. ದೊಡ್ಡ ತೋಟಾಗಳಿಗಾದರೆ ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಮನೆಯಲ್ಲೇ ಮರುಜನ್ಮ ಕೊಡುವ ಹವ್ಯಾಸಿಗಳಿದ್ದಾರೆ. ಇದಕ್ಕೆ ಆ ಭಾಗ್ಯವಿಲ್ಲ. ರಿಮ್‌ಫೈರ್ ಕೋವಿ ಕೊಂಡವನು ಕಾರ್ಖಾನೆಯವರ ಮರ್ಜಿ ಕಾಯುತ್ತಲೇ ಇರಬೇಕು.

ಮರ್ಜಿ ತಪ್ಪಿದರೆ ಏನಾಗುತ್ತದೆಂದು 5 ಮಿ.ಮೀ. ರೆಮಿಂಗ್ಟನ್ ಕೊಂಡವರನ್ನು ಕೇಳಬೇಕು. 1970ರ ಸುಮಾರಿಗೆ ಬಂತು. ವೇಗವಿತ್ತು, ಗುರಿಯಿತ್ತು, ಹೊಗಳಿಕೆಯೂ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಕೋವಿ ನಿಂತಿತು, ಆಮೇಲೆ ತೋಟಾವೂ ನಿಂತಿತು. 2008ರಲ್ಲಿ ಮೆಕ್ಸಿಕೋದ ಅಗ್ವಿಲಾ ಕಂಪನಿ ಮತ್ತೆ ಮಾಡಿಕೊಡುವ ತನಕ ಆ ಕೋವಿಗಳು ಗೋಡೆಗೆ ಅಲಂಕಾರ. ಹಾರ್ನಡಿಯವರ .17 ಎಚ್‌ಎಂಆರ್ 2002ರಲ್ಲಿ ಬಂದು ಗೆದ್ದಿತು. ಎರಡು ವರ್ಷದ ತರುವಾಯ ಬಂದ ಅದರ ತಮ್ಮ ಮ್ಯಾಕ್ 2 ಅಣ್ಣನ ನೆರಳಿನಲ್ಲೇ ಸೊರಗಿತು. ವಿಂಚೆಸ್ಟರ್‌ನವರ .17 ಸೂಪರ್ ಮ್ಯಾಗ್ನಂ ಹುಟ್ಟಿದ್ದಂತೂ ಗೋಡೆಗೆ ಮೊಳೆ ಹೊಡೆಯುವ ಯಂತ್ರದ ತೋಟಾದಿಂದ! ಗುಂಡು ಸೆಕೆಂಡಿಗೆ 900 ಮೀಟರ್ ಹಾರುತ್ತದೆ, ನಿಜ. ಆದರೆ ಅಷ್ಟು ಅವಸರದಲ್ಲಿ ಹೋಗುವಂಥ ಕೆಲಸ ಎಷ್ಟು ಜನರಿಗಿದೆ?

ಟೆಕ್ಸಸ್‌ನಲ್ಲಿರುವ ನನ್ನ ಭಾವಮೈದುನನಿಗೆ ಈಗ ಇದೇ ಗೀಳು. ಮೊನ್ನೆ ಫೋನಿನಲ್ಲಿ, "ಭಾವ, ವಿಂಚೆಸ್ಟರ್‌ನವರು .21 ಶಾರ್ಪ್ ಅಂತ ಬಿಟ್ಟಿದ್ದಾರೆ, ತಗೊಳ್ಳಲಾ?" ಅಂದ. ದುಡ್ಡು ಅವನದು, ಕೋವಿ ಅವನದು. ಆದರೂ ಕೇಳಿದ ಮೇಲೆ ಸಲಹೆ ಕೊಡದಿದ್ದರೆ ಭಾವ ಎನ್ನಿಸಿಕೊಂಡು ಏನು ಬಂತು?

ಈ ಶಾರ್ಪ್‌ನ ಹಿಂದೆ ತಕ್ಕ ಕಾರಣವೇ ಇದೆ. ಟೂಟೂ ಗುಂಡಿನ ಮೈ ಕೊಳವೆಯಷ್ಟೇ ದಪ್ಪ. ಬುಡ ಮಾತ್ರ ಸಣಕಲು, ಅದನ್ನು ಕೊಳವೆಯೊಳಗೆ ತುರುಕಿರುತ್ತಾರೆ. ಮೆತ್ತನೆಯ ಸೀಸಕ್ಕೆ ಇದು ಒಗ್ಗುತ್ತದೆ, ಗಡಸು ತಾಮ್ರಕ್ಕೆ ಅಷ್ಟಾಗಿ ಒಗ್ಗದು. ಕ್ಯಾಲಿಫೋರ್ನಿಯಾದಲ್ಲೋ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಗುಂಡು ಬಿದ್ದ ಪ್ರಾಣಿಯ ಮಾಂಸದ ಜೊತೆ ಸೀಸ ತಿಂದು ಕಾಂಡೋರ್ ಎಂಬ ಭಾರಿ ಹದ್ದುಗಳು ಸಾಯುತ್ತಿದ್ದವು. ಶಾರ್ಪ್‌ನಲ್ಲಿ ಕೊಳವೆ ಟೂಟೂವಿನದೇ. ಗುಂಡನ್ನು ಅದರೊಳಗೆ ನೆಟ್ಟಗೆ ಕೂರುವಷ್ಟು ಸಣ್ಣದು ಮಾಡಿದ್ದಾರೆ. ತಾಮ್ರಕ್ಕೆ ದಾರಿಯಾಯಿತು.

ಆದರೆ ಗುಂಡು ಸಣ್ಣದಾದ ಮೇಲೆ ನಳಿಗೆಯೂ ಸಣ್ಣದಾಗಬೇಕಲ್ಲ! ಅಲ್ಲಿಂದ ಸನ್ಯಾಸಿಯ ಕೌಪೀನದ ಕತೆ ಶುರು. ಇಲಿ ಕಾಟಕ್ಕೆ ಬೆಕ್ಕು, ಬೆಕ್ಕಿಗೆ ಹಾಲು, ಹಾಲಿಗೆ ಹಸು ಎನ್ನುವ ಹಾಗೆ ತೋಟಾಕ್ಕೆ ಹೊಸ ಕೋವಿ, ಕೋವಿಗೆ ಹೊಸ ದುರ್ಬೀನು, ಎಲ್ಲವನ್ನೂ ಇಡಲು ಹೊಸ ಕಪಾಟು, ಕಪಾಟು ಕಂಡ ಹೆಂಡತಿಗೆ ಸಮಾಧಾನವಾಗಿ ಹೊಸ ಬಳೆ.

ಹಾಗಾಗಿ ನನ್ನ ತೀರ್ಪು ಇಷ್ಟು. ಸೀಸ ನಿಷೇಧವಿರುವಲ್ಲಿ ಬೇಟೆಯಾಡುವವನು ಧಾರಾಳವಾಗಿ ಕೊಳ್ಳಲಿ, ಕೋವಿಯ ಜೊತೆಗೆ ತೋಟಾವನ್ನೂ ಕೈತುಂಬ ಕೊಂಡಿಟ್ಟುಕೊಳ್ಳಲಿ. ಡಬ್ಬ ಉರುಳಿಸುವವನಿಗೆ ಟೂಟೂ ಸಾಕು. ಪಕ್ಕದ ಮನೆಯವರು ಕೊಂಡು, ಊರಿನ ಅಂಗಡಿಯಲ್ಲೆಲ್ಲ ಸಿಗುವಂತಾಗುವವರೆಗೆ ಅವನು ಕಾಯಲಿ. ಎಲ್ಲರೂ ಪಕ್ಕದ ಮನೆಯತ್ತಲೇ ನೋಡುತ್ತ ಕೂತರೆ ಆ ತೋಟಾ ಉಳಿಯುವುದು ಹೇಗೆ ಎನ್ನುತ್ತೀರಾ? ಉಳಿಯುವುದಿಲ್ಲ. 5 ಮಿ.ಮೀ. ರೆಮಿಂಗ್ಟನ್ನನ್ನು ಕೊಂದದ್ದೂ ನನ್ನಂಥ ಜಾಣರೇ ಇರಬೇಕು.