ಆರು ಒಂದುಗಳ ಸರ

ಪ್ರೀತಿಯ ತಂಗಿ,

ಉತ್ತೂರಿನಲ್ಲಿ ಮಳೆ ಹಿಡಿದಿದೆ ಎಂದು ಕಾಕು ಫೋನಿನಲ್ಲಿ ಹೇಳಿದರು. ಅವರ ಮೊಣಕಾಲು ನೋವು ಹೇಗಿದೆ? ಅವರು ಹೇಳುವುದಿಲ್ಲ, ನೀನು ಬರೆಯುವುದಿಲ್ಲ. ಇಚಲಕರಂಜಿಯಲ್ಲಿ ಕೂತು ನಾನೊಬ್ಬಳೇ ಚಿಂತೆ ಮಾಡಬೇಕು. ನೀವು ಕಳಿಸಿದ ಘನಸಾಳ ಅಕ್ಕಿ ಮುಟ್ಟಿತು. ಅನ್ನದ ಘಮಕ್ಕೆ ಪಕ್ಕದ ಮನೆಯವರೇ ಬಂದು ವಿಚಾರಿಸಿದರು.

ಕಾಕು ಇನ್ನೊಂದು ಮಾತೂ ಹೇಳಿದರು. ದೊಡ್ಡ ಸಂಖ್ಯೆ ಕಂಡರೆ ನಿನಗೆ ಹೊಟ್ಟೆನೋವು ಬರುತ್ತದಂತೆ, ಅದೂ ಸರಿಯಾಗಿ ಗಣಿತ ಪರೀಕ್ಷೆಯ ದಿನ! ನಗಬಾರದಿತ್ತು, ನಕ್ಕೆ. ನಿನ್ನ ವಯಸ್ಸಿನಲ್ಲಿ ನನಗೂ ಹಾಗೇ ಆಗುತ್ತಿತ್ತು. ಅದಕ್ಕೇ ಇವತ್ತು ನಿನಗೊಂದು ಸರ ಕಳಿಸುತ್ತಿದ್ದೇನೆ. ಬಂಗಾರದ್ದಲ್ಲ, ಮುಖ ಸಣ್ಣ ಮಾಡಬೇಡ.

12345654321.

ಎಡದಿಂದ ಓದು, ಬಲದಿಂದ ಓದು, ಒಂದೇ. ನಡುವೆ ಆರು ಪದಕದ ಹಾಗೆ ಕೂತಿದೆ. ಬಾಯಲ್ಲಿ ಹೇಳಿದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಇದನ್ನು ಪೋಣಿಸಿಟ್ಟವನು ಗಣಿತಜ್ಞ ಮಹಾವೀರಾಚಾರ್ಯ, ಸುಮಾರು 850ರಲ್ಲಿ, ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಆಗ ನಮ್ಮ ಈ ಸೀಮೆಯೂ ರಾಷ್ಟ್ರಕೂಟರದೇ. ಅತ್ತ ಕರ್ನಾಟಕ, ಇತ್ತ ಮಹಾರಾಷ್ಟ್ರ ಎಂಬ ತಂಟೆ ಇರಲಿಲ್ಲ. ಅವನ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ಕೆಲವು ಉತ್ತರಗಳಿಗೆ ಕೊರಳ ಹಾರದ ಹೆಸರೇ ಇದೆ. ಈ ಸರಕ್ಕೆ ಅವನು ಕೊಟ್ಟ ಲೆಕ್ಕ 27994681 × 441. ಆ ಎರಡರ ಮೋರೆ ನೋಡಿದರೆ ಹೊಟ್ಟೆಯಲ್ಲಿ ಇಂಥ ಚೆಂದ ಇದ್ದೀತು ಅನಿಸುತ್ತದೆಯೇ?

ಗುಟ್ಟು ಹುಡುಕುತ್ತ ಕೂತವಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. 441 ಅಂದರೆ 21ರ ವರ್ಗ, ಅದು ಸರಿ. 27994681 ಅಂದರೆ 5291ರ ವರ್ಗ! ಈಗ 5291ನ್ನು 21ರಿಂದ ಗುಣಿಸು: 111111. ಇಡೀ ಸರ ಬರೀ ಆರು ಒಂದುಗಳ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ, ಒಂದೊಂದು ಮನೆ ಎಡಕ್ಕೆ ಸರಿಸುತ್ತ ಆರು ಸಾಲು ಬರೆಯುತ್ತೀಯಲ್ಲ? ಬಲತುದಿಯ ಕಂಬದಲ್ಲಿ ಒಂದು ಒಂದು, ಅದರ ಪಕ್ಕ ಎರಡು, ಏರುತ್ತ ಏರುತ್ತ ನಡುವೆ ಆರು, ಮತ್ತೆ ಇಳಿಜಾರು. ದಶಕ ಒಯ್ಯುವ ಕಾಟವೇ ಇಲ್ಲ. ಒಂಬತ್ತು ಒಂದುಗಳವರೆಗೂ ಸರ ನೆಟ್ಟಗಿರುತ್ತದೆ. ಹತ್ತನೆಯದು ಸೇರಿಸಿದೆಯೋ, ನಡುವಿನ ಕಂಬ ಹತ್ತಾಗಿ, ದಶಕ ಪಕ್ಕದ ಮನೆಗೆ ನುಗ್ಗಿ, ದಾರ ಹರಿಯಿತು ಅನ್ನು.

ಅವನು ಮೊದಲು ಸರ ಕಟ್ಟಿ, ಆಮೇಲೆ ಬಿಚ್ಚಿ, ಗುರುತು ಸಿಗದ ಹಾಗೆ ಎರಡು ತುಂಡು ಮಾಡಿ ಶಿಷ್ಯರ ಮುಂದಿಟ್ಟಿರಬೇಕು ಎಂದು ನನ್ನ ಗುಮಾನಿ. ಮಾಸ್ತರರ ಬುದ್ಧಿಯೇ ಅಷ್ಟು, ಸಾವಿರ ವರ್ಷವಾದರೂ ಬದಲಾಗಿಲ್ಲ.

ಅವನದೇ ಇನ್ನೊಂದು ಸರ ನಿನಗೆ ಬಿಟ್ಟಿದ್ದೇನೆ: 152207 × 73. ಮೊಬೈಲು ಮುಟ್ಟಬೇಡ. ಮಗ್ಗಿಯನ್ನು ಮರಾಠಿಯಲ್ಲೇ ಗುನುಗಿಕೋ, ಆದರೆ ಉತ್ತರವನ್ನು ಕನ್ನಡದಲ್ಲಿ ಬರೆ. ಕಾಕುವಿನ ಮೊಣಕಾಲಿನ ಸುದ್ದಿಯೂ ಅದೇ ಕಾಗದದಲ್ಲಿರಲಿ.

ನಿನ್ನ ಅಕ್ಕ